ಸಹಾಯ ಬೇಕು: ಹೀಬ್ರೂವಿನ ರೊಟ್ಟಿ ಅರಬ್ಬಿಯಲ್ಲಿ ಮಾಂಸ ಆಗಿದ್ದು ಹೇಗೆ?

ಎಲ್ಲರಿಗೂ ನಮಸ್ಕಾರ. ಲ-ಹ-ಮ ಎಂಬ ಮೂರು ವ್ಯಂಜನಗಳ ಧಾತು (ಸ್ವರಗಳು ಬದಲಾಗುತ್ತಾ ಪದಗಳು ಹುಟ್ಟುವ ಮೂಲ) ಕೆಲವು ದಿನಗಳಿಂದ ತಲೆಯಲ್ಲೇ ಕೂತಿದೆ. ಹೀಬ್ರೂವಿನಲ್ಲಿ ‘ಲೆಹೆಮ್’ ಅಂದರೆ ರೊಟ್ಟಿ. ಅದರ ಬಂಧು ಭಾಷೆ ಸಿರಿಯಾಕ್‌ನ ‘ಲಹ್ಮಾ’ ಕೂಡ ರೊಟ್ಟಿಯೇ. ಆದರೆ ಅರಬ್ಬಿಯ ‘ಲಹ್ಮ್’ ಮಾಂಸ! ಬೆತ್ಲೆಹೇಮ್ ಹೀಬ್ರೂ ಕಿವಿಗೆ ‘ರೊಟ್ಟಿಯ ಮನೆ’. ಅದೇ ಊರಿನ ಅರಬ್ಬಿ ಹೆಸರು ‘ಬೈತ್ ಲಹ್ಮ್’, ಅಂದರೆ ‘ಮಾಂಸದ ಮನೆ’. ಎಷ್ಟು ಚೆಂದ ಅಲ್ವಾ?

ಮೊದಲು ಬರೀ ‘ಆಹಾರ’ ಅಂತಿದ್ದದ್ದು ಆಮೇಲೆ ಆಯಾ ಜನರ ಮುಖ್ಯ ತಿನಿಸಿಗೆ ಅಂಟಿಕೊಂಡಿತು ಅನ್ನುವ ವಿವರಣೆ ನನಗೆ ಒಪ್ಪಿಗೆ. ಇವುಗಳ ಇನ್ನೊಂದು ಬಂಧು, ಪ್ರಾಚೀನ ಭಾಷೆ ಉಗರಿಟಿಕ್‌ನಲ್ಲಿ ಈ ಧಾತುವಿಗೆ ‘ತಿನ್ನು’ ಎಂಬ ಅರ್ಥವೂ ಇದೆ.

ತೊಡಕು ಇರುವುದು ಇಲ್ಲಿ: ಹೀಬ್ರೂವಿನ ‘ಮಿಲ್ಹಾಮಾ’ ಅಂದರೆ ಯುದ್ಧ, ಅರಬ್ಬಿಯ ‘ಮಲ್ಹಮ’ ಅಂದರೆ ಭೀಕರ ಕಾಳಗ. ಇವೂ ಇದೇ ಧಾತುವಿನಿಂದ ಬಂದವೇ? ಅಥವಾ ಒಂದೇ ರೂಪದ ಬೇರೆ ಧಾತುವೇ? ಸೆಮಿಟಿಕ್ ಭಾಷೆ (ಹೀಬ್ರೂ, ಅರಬ್ಬಿ ಸೇರಿದ ಕುಟುಂಬ) ಓದಿದವರು ದಯವಿಟ್ಟು ತಿಳಿಸಿ.