ಅಪ್‌ಡೇಟ್: ಎಂಜಿಬಿ ಆಯಿಲ್ ಪ್ರೆಶರ್, ಲೈಮ್ ರಾಕ್ ರೇಸ್ ಆದ ಮೇಲೆ

ನನ್ನ 1967ರ ಎಂಜಿಬಿ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಉದ್ದನೆಯ ತಿರುವು ಹಿಡಿದಾಗ ಆಯಿಲ್ ಪ್ರೆಶರ್ ಮುಳ್ಳು ಧಡಕ್ಕನೆ ಬೀಳುತ್ತೆ, ಹೀಗೇ ರೇಸಿಗೆ ಇಳಿಸಬಹುದಾ ಅಂತ ಕೇಳಿದ್ದೆ. ಆಯಿಲ್ ಪಂಪ್ ಬದಲಿಸೋ ಮುಂಚೆ ಸಂಪ್ (ಇಂಜಿನ್ ಅಡಿಯ ಎಣ್ಣೆ ತೊಟ್ಟಿ) ಬಿಚ್ಚಿ ನೋಡಿ ಅಂದವರಿಗೆಲ್ಲ ದೊಡ್ಡ ನಮಸ್ಕಾರ. ನೀವು ಹೇಳಿದ್ದೇ ಸರಿ.

ತಿರುವಿನಲ್ಲಿ ಎಣ್ಣೆಯೆಲ್ಲ ಒಂದು ಬದಿಗೆ ಸರಿದು ಪಂಪಿಗೆ ಎಣ್ಣೆ ಹೀರೋ ಪಿಕಪ್ ಪೈಪು ಗಾಳಿ ಎಳೀತಿತ್ತು. ಸಂಪ್ ಒಳಗೆ ಎಣ್ಣೆ ಸರಿಯೋದನ್ನ ತಡೆಯೋ ಬ್ಯಾಫಲ್ ತಗಡು ವೆಲ್ಡ್ ಮಾಡಿಸಿದೆ.

ಕನೆಕ್ಟಿಕಟ್‌ನ ಲೈಮ್ ರಾಕ್ ಒಂದೂವರೆ ಮೈಲಿ ಟ್ರ್ಯಾಕು, 1957ರದ್ದು. ಚಿಕೇನ್ (ವೇಗ ತಗ್ಗಿಸೋ ಅಂಕುಡೊಂಕು) ಇಲ್ಲದ ಹಳೇ ದಾರಿಯಲ್ಲಿ ಎಡ ತಿರುವು ಒಂದೇ, ಉಳಿದಿದ್ದೆಲ್ಲ ಬಲಕ್ಕೆ. ಅಂದ್ರೆ ಎಣ್ಣೆ ಪದೇ ಪದೇ ಎಡಕ್ಕೇ ನುಗ್ಗುತ್ತೆ. ಸ್ಟ್ರೈಟ್ ಮುಗಿದ ಕೂಡಲೇ ಬರೋ ಬಿಗ್ ಬೆಂಡ್‌ನಲ್ಲಿ ಜೀವ ಕೈಯಲ್ಲಿ ಹಿಡಿದಿದ್ದೆ. ಮುಳ್ಳು 60ರ ಹತ್ತಿರ ಒಂಚೂರು ನಡುಗಿತು, ಬೀಳಲಿಲ್ಲ. ಹೆಲ್ಮೆಟ್ ಒಳಗೇ ಕೂಗಿಬಿಟ್ಟೆ!

ಶನಿವಾರದ ರೇಸಲ್ಲಿ ಹಿಂದಿನಿಂದ ಬಂದ ಪೋರ್ಶೆ 356ಗೆ ಕೈ ತೋರಿಸಿ ದಾರಿ ಬಿಟ್ಟೆ. ವಿಂಟೇಜ್ (ಹಳೇ ಕಾರುಗಳ) ರೇಸಲ್ಲಿ ಅದೇ ಮರ್ಯಾದೆ; ಇಂಥ ಗಾಡಿಗೆ ಗಾಡಿ ತಾಗಿಸಿ ಗೆಲ್ಲೋದು ಗೆಲುವೇ ಅಲ್ಲ. ಮುಂದಿದ್ದ ಟ್ರಯಂಫ್ ಟಿಆರ್4 ಮಾತ್ರ ಕೊನೆವರೆಗೂ ಸಿಗಲಿಲ್ಲ. ಡೌನ್‌ಹಿಲ್ ತಿರುವಲ್ಲಿ ಅದರ ಡ್ರೈವರ್ ಎಷ್ಟು ಚೆಂದ ಓಡಿಸ್ತಿದ್ರು ಅಂದ್ರೆ, ಹಿಂದೆ ಕೂತು ನೋಡೋದೇ ಒಂದು ಪಾಠ.

ಭಾನುವಾರ ಅಲ್ಲಿ ರೇಸ್ ಇಲ್ಲ, 1959ರ ಕೋರ್ಟ್ ಆದೇಶ. ಆ ಬಿಡುವಲ್ಲಿ ಎಣ್ಣೆ ಇಳಿಸಿ, ಫಿಲ್ಟರಿನ ಒಂದೊಂದೇ ಮಡಿಕೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿದೆ. ಲೋಹದ ಪುಡಿ ಕಾಣಲಿಲ್ಲ, ಇಂಜಿನ್ ಒಳಗೆ ಸವೆದಿಲ್ಲ ಅಂತ ಸಮಾಧಾನ.

ಇನ್ನು ಹಿಂದಿನ ಡ್ರಮ್ ಬ್ರೇಕ್ ಕೆಲಸ ಇದೆ. ಅದಕ್ಕೆ ಬೇರೆ ಪ್ರಶ್ನೆ ಹಾಕ್ತೀನಿ.