ಹಳೇ ಕ್ಯಾಟ್ ನಂ. 12 ಗ್ರೇಡರ್: ಬ್ಲೇಡ್ ಎಳೆದಲ್ಲೆಲ್ಲ ಅಲೆ ಬೀಳ್ತಿದೆ, ಏನು ನೋಡಬೇಕು?

ಜಲ್ಲಿದಾರಿ, ಅಯೋವಾ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಅಯೋವಾದ ಒಂದು ಹಳ್ಳಿಯಲ್ಲಿ. ಸುತ್ತಮುತ್ತ ಎಲ್ಲ ಜಲ್ಲಿ ರಸ್ತೆಗಳೇ. ನಮ್ಮ ಮನೆಯಿಂದ ದೊಡ್ಡ ರಸ್ತೆ ಸೇರುವ ಅರ್ಧ ಮೈಲಿ ದಾರಿಯನ್ನು ನಾವೇ ನೋಡಿಕೊಳ್ಳಬೇಕು. ಅದಕ್ಕೆಂದೇ ಹೋದ ವರ್ಷ ಒಂದು ಹರಾಜಿನಲ್ಲಿ ಹಳೇ ಕ್ಯಾಟರ್‌ಪಿಲ್ಲರ್ ನಂ. 12 ಗ್ರೇಡರ್, ಅಂದರೆ ಹೊಟ್ಟೆಯಡಿಯ ಉದ್ದ ಬ್ಲೇಡಿನಿಂದ ರಸ್ತೆ ಸಮ ಮಾಡುವ ಗಾಡಿ, ತಗೊಂಡೆ. ಗಾಡಿಯ ಸೀರಿಯಲ್ ನಂಬರ್ 8ಟಿ ಅಂತ ಶುರುವಾಗುತ್ತದೆ. ಹೈಡ್ರಾಲಿಕ್ ಇಲ್ಲವೇ ಇಲ್ಲ. ಬ್ಲೇಡ್ ಏರಿಸುವುದು, ಇಳಿಸುವುದು, ತಿರುಗಿಸುವುದು ಎಲ್ಲವೂ ಶಾಫ್ಟು, ಗೇರುಗಳಿಂದಲೇ.

ಎಂಜಿನ್ ಚೆನ್ನಾಗಿದೆ. ಮೊದಲು ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್ ಶುರುಮಾಡಿ, ಅದರಿಂದ ಡೀಸೆಲ್ ಎಂಜಿನ್ ತಿರುಗಿಸಿ, ಬಿಸಿಯಾದ ಮೇಲೆ ಕಂಪ್ರೆಷನ್ ಲಿವರ್ ಹಾಕುತ್ತೇನೆ. ಚಳಿಯಲ್ಲೂ ಹಿಡಿದುಕೊಳ್ಳುತ್ತದೆ.

ತೊಂದರೆ ಬ್ಲೇಡಿನದು. ದಾರಿ ಸಮ ಮಾಡಿ ಹಿಂತಿರುಗಿ ನೋಡಿದರೆ ಸಾಲಾಗಿ ಸಣ್ಣ ಅಲೆಗಳು. ಮೇಲೆ ಕಾರು ಹೋದರೆ ತಗಡಿನ ಶೀಟಿನ ಮೇಲೆ ಓಡಿಸಿದ ಹಾಗೆ ಕಟಕಟ ಅನ್ನುತ್ತದೆ. ಕಟಿಂಗ್ ಎಡ್ಜ್ (ಬ್ಲೇಡಿನ ಕೆಳಗೆ ಬೋಲ್ಟ್ ಮಾಡುವ ಉಕ್ಕಿನ ಪಟ್ಟಿ) ಸವೆದಿರಬೇಕು ಅಂತ ಆರಾರು ಅಡಿಯ ಎರಡು ಹೊಸ ತುಂಡು ಹಾಕಿದೆ. ಬೋಲ್ಟ್ ಎಲ್ಲ ಬಿಗಿ ಮಾಡಿದೆ. ಏನೂ ಬದಲಾಗಲಿಲ್ಲ. ಹಳೇ ಗಾಡಿ ಇಷ್ಟೇ ಅಂತ ಬಿಡೋಕೆ ಮನಸ್ಸು ಬರುತ್ತಿಲ್ಲ. ತಿಳಿದವರು ಹೇಳಿ.

ಹಳೇ ಆಪರೇಟರ್, ಸಂಡೂರು

ತಮ್ಮಾ, ಬಿಡಬೇಡ. ನಾನು ಅದಿರು ಗಣಿಯ ರಸ್ತೆಗಳಲ್ಲಿ ಗ್ರೇಡರ್ ಓಡಿಸಿದವನು. ಇದು ಎಲ್ಲ ಗ್ರೇಡರಿಗೂ ಬರುವ ಕಾಯಿಲೆ. ಮೊದಲು ಮೂರು ವಿಷಯ ಹೇಳು. ಅಲೆಯಿಂದ ಅಲೆಗೆ ಎಷ್ಟು ದೂರ? ಎಷ್ಟು ವೇಗದಲ್ಲಿ ಎಳೆದೆ? ಎಡ ಬಲದ ಟೈರ್‌ಗಳಲ್ಲಿ ಗಾಳಿ ಒಂದೇ ಸಮ ಇದೆಯಾ?

ಜಲ್ಲಿದಾರಿ, ಅಯೋವಾ

ಟೇಪ್ ಹಿಡಿದು ಅಳೆದೆ ಸಾರ್. ಅಲೆಗಳ ನಡುವೆ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ. ಓಡಿಸಿದ್ದು ಎರಡನೇ ಗೇರಿನಲ್ಲಿ, ಮನುಷ್ಯ ಬೇಗ ನಡೆದಷ್ಟು ವೇಗ. ಟೈರ್ ಗಾಳಿ ಇವತ್ತೇ ನೋಡಿ ಸಮ ಮಾಡಿದೆ.

ಹಳೇ ಆಪರೇಟರ್, ಸಂಡೂರು

ಸರಿ, ಹಾಗಾದರೆ ಅರ್ಧ ದಾರಿ ಸಿಕ್ಕಿತು. ಅಲೆ ಉದ್ದುದ್ದ, ಆರೇಳು ಅಡಿಗೊಂದು ಇದ್ದಿದ್ದರೆ ಇಡೀ ಗಾಡಿ ಟೈರ್ ಮೇಲೆ ಕುಣಿಯುತ್ತಿದೆ ಅಂತ ಅರ್ಥ. ಆಗ ವೇಗ ಇಳಿಸಬೇಕು. ಗಂಟೆಗೆ 5ರಿಂದ 8 ಕಿಲೋಮೀಟರ್ ದಾಟಿದರೆ ಗ್ರೇಡರ್ ಕುಣಿಯಲು ಶುರು. ನಿನ್ನದು ಹತ್ತಿರ ಹತ್ತಿರದ ಅಲೆ, ವೇಗವೂ ಸರಿಯಾಗಿದೆ. ಅಂದರೆ ಗಾಡಿ ನೆಟ್ಟಗಿದೆ, ಬ್ಲೇಡ್ ಮಾತ್ರ ನಡುಗುತ್ತಿದೆ. ಹೊಸ ಎಡ್ಜ್ ಹಾಕಿದರೂ ನಡುಕ ನಿಂತಿಲ್ಲ ಅಂದರೆ, ಬ್ಲೇಡನ್ನು ಹಿಡಿದುಕೊಂಡಿರುವುದು ಸಡಿಲ ಆಗಿದೆ.

ಎಲ್ಲಿ ಸಡಿಲ ಅಂತ ಹೀಗೆ ಹುಡುಕು. ಬ್ಲೇಡ್ ಕೆಳಗೆ ಎರಡೂ ಕಡೆ ದಪ್ಪ ಮರದ ದಿಮ್ಮಿ ಇಟ್ಟು ಅದರ ಮೇಲೆ ಕೂರಿಸು, ಎಂಜಿನ್ ನಿಲ್ಲಿಸು. ದಿಮ್ಮಿ ಇಲ್ಲದೆ ಕೈಯನ್ನಾಗಲಿ ಕಾಲನ್ನಾಗಲಿ ಬ್ಲೇಡ್ ಕೆಳಗೆ ಇಡಬೇಡ. ಆಮೇಲೆ ಉದ್ದದ ಹಾರೆ ತಗೊಂಡು ಒಂದೊಂದೇ ಕೀಲನ್ನು ಮೀಟು. ಮುಂದಿನಿಂದ ಶುರುಮಾಡು. ಡ್ರಾಬಾರ್ ಅಂದರೆ ಬ್ಲೇಡನ್ನು ಗಾಡಿಯ ಮೂತಿಗೆ ಜೋಡಿಸುವ ಚೌಕಟ್ಟು, ಅದರ ಮುಂಭಾಗದಲ್ಲಿ ದೊಡ್ಡ ಚೆಂಡಿನ ಕೀಲು ಇರುತ್ತದೆ, ಇಡೀ ಬ್ಲೇಡನ್ನು ಎಳೆಯುವುದು ಅದೇ. ಆಮೇಲೆ ಎರಡು ಲಿಫ್ಟ್ ಕೈಗಳ ಚೆಂಡು. ಆಮೇಲೆ ಪಕ್ಕಕ್ಕೆ ಎಳೆಯುವ ಕೊಂಡಿ. ಕೊನೆಗೆ ಸರ್ಕಲ್, ಅಂದರೆ ಬ್ಲೇಡ್ ತಿರುಗಿಸುವ ಹಲ್ಲಿನ ದೊಡ್ಡ ಬಳೆ, ಅದನ್ನು ಹಿಡಿದಿರುವ ಶೂಗಳು. ಚೆಂಡಿಗೂ ಮುಚ್ಚಳಕ್ಕೂ ಅಡ್ಡಲಾಗಿ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದುಕೋ. ಮೀಟಿದಾಗ ಗೆರೆ ಎರಡು ತುಂಡಾಗಿ ಸರಿದರೆ ಪ್ಲೇ, ಅಂದರೆ ಸಡಿಲ, ಎಷ್ಟು ಅಂತ ಕಣ್ಣಿಗೇ ಕಾಣುತ್ತದೆ.

ಒಂದೊಂದು ಕೀಲಿನಲ್ಲಿ ಎರಡೆರಡು ಮಿಲಿಮೀಟರ್ ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ಎಲ್ಲ ಸೇರಿ ಬ್ಲೇಡ್ ತುದಿಗೆ ಬರುವ ಹೊತ್ತಿಗೆ ಬೆರಳು ಗಾತ್ರ ಆಗಿರುತ್ತದೆ. ಅದಕ್ಕೇ ಎಡ್ಜ್ ಬದಲಾಯಿಸಿ ದುಡ್ಡು ಕಳೆಯುವ ಮೊದಲು ಕೀಲು ನೋಡಬೇಕು.

ನಟ್‌ಬೋಲ್ಟ್, ಒಂಟಾರಿಯೊ

ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ಚೆಂಡಿನ ಮುಚ್ಚಳಗಳ ಕೆಳಗೆ ತೆಳು ಲೋಹದ ಹಾಳೆಗಳು, ಅಂದರೆ ಶಿಮ್‌ಗಳಿರುತ್ತವೆ. ಮುಚ್ಚಳ ಬಿಚ್ಚಿ ಎರಡೂ ಕಡೆಯಿಂದ ಸಮ ಸಮ ಶಿಮ್ ತೆಗೆದು ಮತ್ತೆ ಬಿಗಿ ಮಾಡಿದರೆ ಪ್ಲೇ ಹೋಗುತ್ತದೆ. ಕೀಲು ಸಲೀಸಾಗಿ ತಿರುಗಬೇಕು, ಆದರೆ ಅಲ್ಲಾಡಬಾರದು. ಚೆಂಡೇ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಮಾತ್ರ ಶಿಮ್ಮಿನಿಂದ ಆಗುವುದಿಲ್ಲ. ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಹಿಡಿದುಕೊಳ್ಳುತ್ತದೆ. ಆಗ ವೆಲ್ಡ್ ತುಂಬಿ ಗುಂಡಗೆ ಉಜ್ಜಿಸಬೇಕು, ಇಲ್ಲವೇ ಬೇರೆ ಚೆಂಡು ಹುಡುಕಬೇಕು.

ಹುಡುಕುವಾಗ ಬರೀ ನಂ. 12 ಅಂತ ಕೇಳಬೇಡಿ. 1938ರಲ್ಲಿ ಶುರುವಾದ ಈ ಮಾದರಿ ದಶಕಗಳ ಕಾಲ ಅದೇ ಹೆಸರಿನಲ್ಲಿ ಬಂತು, ಒಳಗಿನ ಭಾಗಗಳು ಮಾತ್ರ ಬದಲಾಗುತ್ತಾ ಹೋದವು. 8ಟಿ ಎರಡನೇ ಮಹಾಯುದ್ಧ ಮುಗಿದ ಮೇಲಿನ ಸರಣಿ. ಪಾರ್ಟ್ಸ್ ಪುಸ್ತಕವೂ ಅದೇ ಸರಣಿಯದಾಗಿರಬೇಕು. ಪುಸ್ತಕದೊಳಗೂ ಇಂಥ ನಂಬರಿನವರೆಗೆ ಈ ಭಾಗ, ಅಲ್ಲಿಂದ ಮುಂದೆ ಆ ಭಾಗ ಅಂತ ಬರೆದಿರುತ್ತಾರೆ, ಗಮನಿಸಿ. ಎಂಜಿನ್ನಿಗೆ ಬೇರೆಯೇ ನಂಬರ್ ಇರುತ್ತದೆ, ಎರಡನ್ನೂ ಬರೆದಿಟ್ಟುಕೊಳ್ಳಿ.

ಗಾಡಿಯ ಚರಿತ್ರೆ ಬೇಕಿದ್ದರೆ ಓಹಾಯೊದ ಬೌಲಿಂಗ್ ಗ್ರೀನ್‌ನಲ್ಲಿ ಹಳೇ ನಿರ್ಮಾಣ ಯಂತ್ರಗಳ ಸಂಘದ ಮ್ಯೂಸಿಯಂ ಇದೆ. ಹಳೇ ಕ್ಯಾಟಲಾಗ್, ಫೋಟೋಗಳ ದೊಡ್ಡ ಸಂಗ್ರಹ ಅಲ್ಲಿದೆ. ಬಣ್ಣ ನೋಡಿ ವರ್ಷ ಹೇಳಲು ಆಗುವುದಿಲ್ಲ, 1931ರ ಕೊನೆಯಿಂದಲೇ ಇವೆಲ್ಲ ಹಳದಿ. ಆದರೆ ನಿಮ್ಮ ಕಡೆ ಹಳ್ಳಿ ರಸ್ತೆಗಳನ್ನು ನೋಡಿಕೊಳ್ಳುವುದು ಕೌಂಟಿಗಳು ಅಲ್ವಾ? ನಿಮ್ಮ ಗಾಡಿಯೂ ಮೊದಲು ಕೌಂಟಿಯದೇ ಇದ್ದಿರಬಹುದು. ಮೇಲಿನ ಬಣ್ಣದ ಅಡಿಯಲ್ಲಿ ಹೆಸರೋ ಗಾಡಿ ನಂಬರೋ ಇದ್ದರೆ ನೋಡಿ, ಮೆಲ್ಲಗೆ ನೀರು ಹಾಕಿ ತೆಳು ಉಪ್ಪುಕಾಗದದಲ್ಲಿ ಉಜ್ಜಿ. ಹೆಸರು ಸಿಕ್ಕರೆ ಆ ಕೌಂಟಿಯ ಹಳೇ ಸಭೆಗಳ ನಡಾವಳಿಯಲ್ಲಿ ಕೊಂಡ ದಿನ, ಕೊಟ್ಟ ಬೆಲೆ ಎರಡೂ ಇರುವ ಸಾಧ್ಯತೆ ಜಾಸ್ತಿ.

ಜಲ್ಲಿದಾರಿ, ಅಯೋವಾ

ಎರಡು ಶನಿವಾರ ಹಿಡಿಯಿತು. ಆದದ್ದನ್ನು ಹೇಳುತ್ತೇನೆ.

ಸಾರ್ ಹೇಳಿದಂತೆ ಚಾಕ್ ಗೆರೆ ಎಳೆದು ಮೀಟಿದೆ. ಲಿಫ್ಟ್ ಕೈಗಳು ಪರವಾಗಿಲ್ಲ. ಡ್ರಾಬಾರಿನ ಚೆಂಡಿಗೆ ಹಾರೆ ಕೊಟ್ಟ ಕೂಡಲೇ ಟಕ್ ಅಂತ ಸದ್ದು, ಗೆರೆ ಸುಮಾರು ಕಾಲು ಇಂಚು ಸರಿಯಿತು. ಮುಚ್ಚಳ ಬಿಚ್ಚಿದರೆ ಒಳಗೆ ಗ್ರೀಸ್ ಕಪ್ಪು ಮೇಣದ ಹಾಗೆ ಗಟ್ಟಿಯಾಗಿತ್ತು, ಬೆರಳಲ್ಲಿ ಉಜ್ಜಿದರೆ ಮರಳು ಸಿಗುತ್ತಿತ್ತು. ಎಲ್ಲ ಡೀಸೆಲ್‌ನಲ್ಲಿ ತೊಳೆದೆ. ಚೆಂಡನ್ನು ಕ್ಯಾಲಿಪರಿನಲ್ಲಿ ನಾಲ್ಕು ಕಡೆ ಅಳೆದೆ, ಇನ್ನೂ ಗುಂಡಗೇ ಇದೆ. ಎರಡೂ ಕಡೆಯಿಂದ ಸಮ ಶಿಮ್ ತೆಗೆದು ಬಿಗಿ ಮಾಡಿದೆ. ಈಗ ಹಾರೆಗೆ ಅಲ್ಲಾಡುವುದಿಲ್ಲ. ಸರ್ಕಲ್ಲಿನ ಒಂದು ಶೂ ಕೂಡ ಸಡಿಲವಿತ್ತು, ಅದನ್ನೂ ಸರಿಮಾಡಿದೆ.

ನಿನ್ನೆ ಮಳೆ ಬಂದು ಬಿಟ್ಟಿತ್ತು. ಇವತ್ತು ಬೆಳಗ್ಗೆ ದಾರಿ ಎಳೆದೆ. ಮುಕ್ಕಾಲು ಪಾಲು ಅಲೆ ಮಾಯ. ಬಿಗಿಯಾದ ಮಣ್ಣಿರುವ ಒಂದು ಕಡೆ ಮಾತ್ರ ಇನ್ನೂ ಸಣ್ಣಗೆ ನಡುಗುತ್ತದೆ. ಸರ್ಕಲ್ಲಿಗೆ ಗ್ರೀಸ್ ಹಚ್ಚಲೇ?

ಹಳೇ ಆಪರೇಟರ್, ಸಂಡೂರು

ಓದಿ ತುಂಬಾ ಸಂತೋಷ ಆಯ್ತು ತಮ್ಮಾ. ಸರ್ಕಲ್ಲಿಗೆ ನಮ್ಮ ಗಣಿಯಲ್ಲಿ ಗ್ರೀಸ್ ಹಚ್ಚುತ್ತಿರಲಿಲ್ಲ. ಅದು ಬಯಲಿಗೆ ತೆರೆದ ಜಾಗ. ಗ್ರೀಸಿಗೆ ಧೂಳು ಮೆತ್ತಿದರೆ ಅದೇ ಸಾಣೆ ಹಿಡಿದ ಹಾಗೆ ಕಬ್ಬಿಣ ತಿನ್ನುತ್ತದೆ. ಚೆನ್ನಾಗಿ ಕೆರೆದು ಒಣಗಿಸಿಡು. ಚೆಂಡಿನ ಕೀಲುಗಳಿಗೆ ಮಾತ್ರ ದಿನಾ ಕೆಲಸ ಶುರು ಮಾಡುವ ಮೊದಲು, ಹಳೆಯದು ಹೊರಗೆ ಬರುವ ತನಕ ಗ್ರೀಸ್ ಒತ್ತು.

ಗಟ್ಟಿ ಮಣ್ಣಿನ ಜಾಗದಲ್ಲಿ ಬ್ಲೇಡಿನ ಓರೆ ಬದಲಾಯಿಸಿ ನೋಡು. ಮೇಲಂಚನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರೆ ಕೊರೆಯುವುದು ಬಿಟ್ಟು ಸವರಿಕೊಂಡು ಹೋಗುತ್ತದೆ, ನಡುಕ ಕಡಿಮೆ. ಮುಂದಿನ ಚಕ್ರಗಳನ್ನು ಮಣ್ಣು ಹೋಗುವ ಕಡೆಗೇ ವಾಲಿಸು, ಮೂತಿ ಪಕ್ಕಕ್ಕೆ ಜಾರುವುದಿಲ್ಲ. ಒಂದು ಗೇರ್ ಇಳಿಸು. ಒಂದೇ ಸಲಕ್ಕೆ ಆಳ ತೆಗೆಯಬೇಡ, ಎರಡು ಸಲ ತೆಳುವಾಗಿ ಎಳೆ.

ಜಲ್ಲಿದಾರಿ, ಅಯೋವಾ

ಮೇಲಂಚು ಮುಂದಕ್ಕೆ ಬಾಗಿಸಿ, ಮೊದಲ ಗೇರಿನಲ್ಲಿ ಎರಡು ಸಲ ಎಳೆದೆ ಸಾರ್. ಅಲೆ ಪೂರ್ತಿ ಹೋಯಿತು. ಸಂಜೆ ಮಗಳು ಅದೇ ದಾರಿಯಲ್ಲಿ ಸೈಕಲ್ ಹೊಡೆದುಕೊಂಡು ಬಂದಳು. ನಟ್‌ಬೋಲ್ಟ್ ಅವರೇ, ಎಡ ಬಾಗಿಲ ಕೆಳಗೆ ಉಜ್ಜಿದಾಗ ಹಳದಿಯ ಅಡಿಯಲ್ಲಿ ಬಿಳಿ ಅಕ್ಷರದ ತುದಿ ಕಾಣುತ್ತಿದೆ. ಪೂರ್ತಿ ಓದಲು ಬಂದ ಕೂಡಲೇ ಫೋಟೋ ಹಾಕುತ್ತೇನೆ.