ಸಹಾಯ ಬೇಕು: ಸಂಗಾತಿಯ ರಕ್ತ ನನ್ನ ಗಾಯಕ್ಕೆ ತಗುಲಿದೆ, ಎಚ್‌ಐವಿ ಸೋಂಕು ತಗುಲದಂತೆ ತಡೆಯುವ ಪೆಪ್ ಔಷಧಿ ಆರಂಭಿಸಬೇಕೆ?

ಎಲ್ಲರಿಗೂ ನಮಸ್ಕಾರ. ನನ್ನ ಪತ್ನಿ ಎಚ್‌ಐವಿ ಸೋಂಕಿತರು. ನಾಲ್ಕು ವರ್ಷಗಳಿಂದ ಒಂದು ದಿನವೂ ತಪ್ಪಿಸದೆ, ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಸೇವಿಸುತ್ತಿದ್ದಾರೆ. ಏಳು ತಿಂಗಳ ಹಿಂದಿನ ಪರೀಕ್ಷೆಯಲ್ಲಿ ಅವರ ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಿತ್ತು. ನನ್ನ ವರದಿ ಈವರೆಗೆ ನೆಗೆಟಿವ್.

ನಿನ್ನೆ ರಾತ್ರಿ ಸುಮಾರು ಒಂಬತ್ತು ಗಂಟೆಗೆ ಗಾಜಿನ ಲೋಟ ಒಡೆದು ಅವರ ಅಂಗೈ ಆಳವಾಗಿ ಕೊಯ್ದಾಗ, ಗಾಬರಿಯಲ್ಲಿ ನಾನು ಬರಿಗೈಯಿಂದಲೇ ಗಾಯವನ್ನು ಒತ್ತಿ ಹಿಡಿದೆ; ನನ್ನ ಹೆಬ್ಬೆರಳಿನಲ್ಲಿ ಅದೇ ದಿನ ಈಳಿಗೆಮಣೆ ತಗುಲಿ ಆದ ಹಸಿ ಗಾಯವಿದ್ದದ್ದು ನೆನಪಾದದ್ದು ಆಮೇಲೆ. ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಬೆರಳನ್ನು ತೊಳೆದೆ.

ಪೆಪ್ ಔಷಧಿಯನ್ನು 72 ಗಂಟೆಗಳೊಳಗೆ, ಸಾಧ್ಯವಾದಷ್ಟು ಬೇಗ ಆರಂಭಿಸಿ 28 ದಿನ ಪೂರ್ತಿ ಸೇವಿಸಬೇಕೆಂದು ತಿಳಿದಿದೆ. ಈಗಾಗಲೇ ಹದಿನಾಲ್ಕು ಗಂಟೆ ಕಳೆದಿದೆ. ಸಮೀಪದ ಖಾಸಗಿ ಆಸ್ಪತ್ರೆಯೊಂದರಲ್ಲಿ, ಪೆಪ್ ಆಸ್ಪತ್ರೆ ಸಿಬ್ಬಂದಿಗೆ ಮಾತ್ರ ಎಂದು ಹೇಳಿ ಕಳುಹಿಸಿದರು. ಇಂದು ಭಾನುವಾರ, ಜಿಲ್ಲಾ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಮೊದಲ ಡೋಸ್ ಸಿಗುತ್ತದೆಯೇ? ಪತ್ನಿಯ ವೈರಾಣು ಪ್ರಮಾಣ ಇಷ್ಟು ಕಡಿಮೆ ಇರುವಾಗ ವೈದ್ಯರು ಸಾಮಾನ್ಯವಾಗಿ ಪೆಪ್ ಸೂಚಿಸುತ್ತಾರೆಯೇ? 1097 ಏಡ್ಸ್ ಸಹಾಯವಾಣಿಗೂ ಕರೆ ಮಾಡುತ್ತಿದ್ದೇನೆ, ಆದರೆ ಇದೇ ಪರಿಸ್ಥಿತಿಯನ್ನು ದಾಟಿದವರ ಅನುಭವ ತಿಳಿದರೆ ಧೈರ್ಯ ಬರುತ್ತದೆ.

ಪತ್ನಿ ತನ್ನಿಂದಲೇ ಹೀಗಾಯಿತೆಂದು ಬೆಳಗಿನಿಂದ ಅಳುತ್ತಿದ್ದಾರೆ, ತಪ್ಪು ಅವರದಲ್ಲ. ದಯವಿಟ್ಟು ಅವರನ್ನು ನೋಯಿಸುವ ಮಾತು ಬೇಡ. ತಿಳಿದವರು ಬೇಗ ಉತ್ತರಿಸಿ.